ಗೋಲುಕಂಬದ ಲಾರ್

ಲಾರ್ ಗೈನನ್‌ಗೆ ಹರ್ಲಿ ಕೋಲು ಬೀಸಲು ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಬರುತ್ತಿತ್ತು, ಚೆಂಡಿಗೆ ಮಾತ್ರ ಅದು ಗೊತ್ತಿರಲಿಲ್ಲ. ಡೆರಿಮೋರ್ ಊರಿನ ತಂಡದಲ್ಲಿ ಹನ್ನೊಂದು ವರ್ಷ ಬದಲಿ ಆಟಗಾರನಾಗಿ ಬೆಂಚು ಕಾದು, ಎಲ್ಲ ಸೇರಿಸಿ ನಲವತ್ತು ನಿಮಿಷ ಆಡಿದ್ದ. ಅದರಲ್ಲಿ ಎಂಟು ನಿಮಿಷ ಸ್ವಂತ ತಂಡದವನ ಕೋಲಿನ ಏಟು ತಿಂದು ನೆಲದ ಮೇಲೆ ಮಲಗಿದ್ದ. ಆಮೇಲೆ ಮೂವತ್ತೈದು ವರ್ಷ ಊರಿಗೆ ಅಂಚೆ ಹಂಚಿದ. ಅಂಚೆಯವನ ಮಾತನ್ನು ಯಾರು ಕೇಳುತ್ತಾರೆ, ಎಲ್ಲರ ಕಣ್ಣೂ ಅವನ ಕೈಯ ಮೇಲೆ.

ಅಂಥವನ ಮಾತಿಗೆ ಬೆಲೆ ಬಂದದ್ದು ಅಂಪೈರ್‌ನ ಬಿಳಿ ಕೋಟಿನಿಂದ. ಐರ್ಲೆಂಡಿನ ಈ ಕೋಲು-ಚೆಂಡಿನ ಆಟದಲ್ಲಿ, ಹರ್ಲಿಂಗ್‌ನಲ್ಲಿ, ರೆಫರಿಯಾದವನು ನಾಲ್ವರು ಅಂಪೈರ್‌ಗಳನ್ನು ತಾನೇ ಹುಡುಕಿಕೊಂಡು, ತನ್ನ ಕಾರಿನಲ್ಲಿ ಕೂರಿಸಿಕೊಂಡು ಬರಬೇಕು. ಒಂದೊಂದು ಗೋಲಿಗೆ ಇಬ್ಬರು, ಕಂಬಕ್ಕೊಬ್ಬ. ಚೆಂಡು ಅಡ್ಡಪಟ್ಟಿಯ ಕೆಳಗೆ ನುಗ್ಗಿದರೆ ಹಸಿರು ಬಾವುಟ, ಮೂರು ಅಂಕ. ಮೇಲಿಂದ ಹಾರಿ ಎರಡು ಕಂಬಗಳ ನಡುವೆ ಹೋದರೆ ಬಿಳಿ ಬಾವುಟ, ಒಂದು ಅಂಕ. ಕಂಬದ ಆಚೆ ಹೋದರೆ ಏನೂ ಇಲ್ಲ. ಹೇಳುವುದಕ್ಕೆ ಸುಲಭ. ಗಂಟೆಗೆ ನೂರು ಮೈಲಿ ವೇಗದಲ್ಲಿ ಬರುವ ಚೆಂಡು ಕಂಬದ ತುದಿಗಿಂತ ಎತ್ತರದಲ್ಲಿ ಹಾರಿ, ಮೂವತ್ತು ಸಾವಿರ ಜನರಲ್ಲಿ ಅರ್ಧ ಜನ ಒಳಗೆ ಎಂದೂ ಅರ್ಧ ಜನ ಹೊರಗೆ ಎಂದೂ ಕಿರುಚುವಾಗ ಹೇಳುವುದು ಕಷ್ಟ. ಆದ್ದರಿಂದ ರೆಫರಿಗಳು ತಮಗೆ ನಂಬಿಕೆಯಿರುವವರನ್ನೇ ಕರೆತರುತ್ತಾರೆ, ಅಂದರೆ ಭಾವಮೈದುನ, ನೆರೆಮನೆಯವನು, ಕಾರಿನಲ್ಲಿ ಜಗಳವಾಡದೆ ಕೂರುವವನು.

ಲಾರ್‌ನ ಅಕ್ಕನ ಮಗ ಫಿಂಟನ್ ಮೊಲಾಯ್ ರೆಫರಿಯಾಗಿ ಇಪ್ಪತ್ತೆರಡು ವರ್ಷ. ಆ ಇಪ್ಪತ್ತೆರಡು ವರ್ಷವೂ ಅವನ ಕಾರಿನ ಮುಂದಿನ ಸೀಟು ಸೋದರಮಾವನದು. ಹಿಂದಿನ ಸೀಟಿನಲ್ಲಿ ಮರ್ಟ್ ಈಗನ್, ಅವನ ಪಕ್ಕದಲ್ಲಿ ಗ್ರೋಗನ್ ಅಣ್ಣತಮ್ಮಂದಿರು. ಮರ್ಟ್ ಊರಿನ ಶವಪೆಟ್ಟಿಗೆ ಮಾಡುವವನು, ಹಾಗಾಗಿ ಯಾವುದಕ್ಕೂ ಆತುರಪಡುವವನಲ್ಲ. ಗ್ರೋಗನ್ ಅಣ್ಣತಮ್ಮಂದಿರು ಆಚೆ ತುದಿಯ ಗೋಲಿನವರು. ಅವರು ಮಾತಾಡಿದ್ದನ್ನು ಕೇಳಿದವರು ಕಡಿಮೆ, ಊಟಕ್ಕೆ ನಿಂತಾಗ ಮಾತ್ರ ಗ್ರೇವಿ ಇತ್ತ ಕೊಡಿ ಎನ್ನುತ್ತಾರೆ.

ಈ ಐವರೂ ಎಲ್ಲ ಕಂಡಿದ್ದರು, ಒಂದನ್ನು ಬಿಟ್ಟು. ಜುಲೈ ತಿಂಗಳ ಆ ಭಾನುವಾರ, ಕ್ರೋಕ್ ಪಾರ್ಕ್‌ನಲ್ಲಿ ಅಖಿಲ ಐರ್ಲೆಂಡ್ ಫೈನಲ್, ಎಂಬತ್ತೆರಡು ಸಾವಿರ ಜನ. ಆ ದಿನ ಆ ಕಂಬದ ಪಕ್ಕ ನಿಲ್ಲಬೇಕು, ತಾನು ಬಾವುಟ ಎತ್ತಿದರೆ ಅಷ್ಟೂ ಜನ ಹೌದು ಅನ್ನಬೇಕು, ಇದು ಲಾರ್‌ನ ಆಸೆ. ಬೇರೆ ಆಸೆಗಳು ಅವನಿಗೆ ಇರಲಿಲ್ಲವೆಂದಲ್ಲ, ಅರವತ್ತೆಂಟರ ವಯಸ್ಸಿಗೆ ಉಳಿದವು ಒಂದೊಂದಾಗಿ ಕೈಬಿಟ್ಟಿದ್ದವು. ಫಿಂಟನ್‌ಗೆ ಬರುವ ನವೆಂಬರ್‌ಗೆ ಐವತ್ತು ತುಂಬುತ್ತದೆ. ಐವತ್ತು ತುಂಬಿದ ರೆಫರಿಯನ್ನು ನೇಮಕದ ಕಮಿಟಿಯವರು ಮನೆಗೆ ಕಳಿಸುತ್ತಾರೆ. ಇದೇ ಕೊನೆಯ ವರ್ಷ. ಹೋದ ವರ್ಷ ರೆಫರಿಗಳಿಗೆ ಪರೀಕ್ಷಕರು ಕೊಟ್ಟ ಅಂಕಗಳಲ್ಲಿ ಫಿಂಟನ್‌ನದೇ ಮೇಲುಗೈ, ಈ ಸಲ ಫೈನಲ್ ಅವನಿಗೇ ಎಂದು ಬಲ್ಲವರು ಹೇಳುತ್ತಿದ್ದರು.

ಒಂದು ಅಡ್ಡಿ ಇತ್ತು, ಅದನ್ನು ಅಡ್ಡಿಯೆಂದು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ತನ್ನ ಸ್ವಂತ ಕೌಂಟಿಯ, ಅಂದರೆ ಜಿಲ್ಲೆಯ, ತಂಡ ಫೈನಲ್ ಆಡಿದರೆ ಆ ಕೌಂಟಿಯ ರೆಫರಿಗೆ ಆ ಪಂದ್ಯ ಸಿಗುವುದಿಲ್ಲ. ಆದರೆ ಅವರ ಕೌಂಟಿ ಆಫಲಿ. ಆಫಲಿ ಫೈನಲ್‌ನ ಹತ್ತಿರ ಸುಳಿದು ಒಂದು ತಲೆಮಾರೇ ಕಳೆದಿತ್ತು.

"ಆಫಲಿ ಇರೋವರ್ಗೂ ನಮಗೇನು ಭಯ" ಎಂದು ಮರ್ಟ್ ವಸಂತದಲ್ಲಿ ಹೇಳಿದ್ದ. "ನಮ್ಮೋರು ಯಾವತ್ತೂ ಯಾರ ದಾರೀಗೂ ಅಡ್ಡ ಬಂದೋರಲ್ಲ."

ಆ ವರ್ಷ ಏನಾಯಿತೋ, ದೇವರೇ ಬಲ್ಲ. ಏಪ್ರಿಲ್‌ನಲ್ಲಿ ಆಫಲಿ ಒಂದು ಪಂದ್ಯ ಗೆದ್ದಿತು. ಜನ ನಕ್ಕರು. ಮೇ ತಿಂಗಳಲ್ಲಿ ಇನ್ನೊಂದು ಗೆದ್ದಿತು. ನಗು ನಿಂತು ಮನೆಮನೆಯ ಮುಂದೆ ಬಾವುಟ ಬಂದವು. ಮೇ ಕೊನೆಗೆ ಗುಂಪು ಹಂತದ ಕೊನೆಯ ದಿನ ಬಂದಾಗ ಲೆಕ್ಕ ಹೀಗಿತ್ತು: ಟಲಮೋರ್‌ನಲ್ಲಿ ಆಫಲಿ ಬಲಾಢ್ಯ ಕಿಲ್ಕೆನಿಯನ್ನು ಸೋಲಿಸಬೇಕು, ಅದೇ ಹೊತ್ತಿಗೆ ವೆಕ್ಸ್‌ಫರ್ಡ್ ತನ್ನ ಮನೆಯಂಗಳದಲ್ಲಿ ಡಬ್ಲಿನ್ ಎದುರು ಗೆಲ್ಲದೆ ಉಳಿಯಬೇಕು. ಆಗ ಆಫಲಿ ಮುಂದಕ್ಕೆ, ವೆಕ್ಸ್‌ಫರ್ಡ್ ಮನೆಗೆ. ಎರಡೂ ಒಟ್ಟಿಗೆ ಆಗುವುದು ಕೋಳಿಗೆ ಹಲ್ಲು ಬಂದ ಹಾಗೆ. ಆದ್ದರಿಂದಲೇ, ವೆಕ್ಸ್‌ಫರ್ಡ್ ಪಂದ್ಯಕ್ಕೆ ನೇಮಕವಾಗಿದ್ದ ರೆಫರಿಯ ಮೀನಖಂಡ ಗುರುವಾರ ಸೆಳೆದುಕೊಂಡಾಗ, ಕಮಿಟಿಯವರು ಹೆಚ್ಚು ಯೋಚಿಸದೆ ಫಿಂಟನ್‌ಗೆ ಫೋನ್ ಮಾಡಿದರು. ಆಫಲಿ ಹೇಗೂ ಸೋಲುತ್ತದಲ್ಲ ಎಂದು ಅವರೂ ಅಂದುಕೊಂಡಿದ್ದರು.

ವೆಕ್ಸ್‌ಫರ್ಡ್‌ನ ಆಟ ಅಂದರೆ ಆಟ. ಕೋಲಿಗೆ ಕೋಲು ತಾಗಿ ಚಕ್ಕೆ ಹಾರುತ್ತಿದ್ದವು. ಎಪ್ಪತ್ತು ನಿಮಿಷ ಮುಗಿದು ಹೆಚ್ಚುವರಿ ನಿಮಿಷಗಳು ನಡೆಯುವಾಗ ವೆಕ್ಸ್‌ಫರ್ಡ್ ಒಂದೇ ಅಂಕದಿಂದ ಮುಂದಿತ್ತು. ಲಾರ್‌ನ ಬೆನ್ನ ಹಿಂದೆ, ಬೇಲಿಗೆ ಒರಗಿ ನಿಂತಿದ್ದ ವೆಕ್ಸ್‌ಫರ್ಡಿನ ದಪ್ಪ ಮನುಷ್ಯನೊಬ್ಬ ಫೋನ್ ನೋಡಿ ಕೂಗಿದ.

"ಏಯ್ ಬಿಳಿ ಕೋಟು, ಕೇಳಿಸ್ತಾ? ನಿಮ್ಮ ಆಫಲಿಯೋರು ಕಿಲ್ಕೆನಿನ ಹೊಡೆದು ಹಾಕಿದ್ರಂತೆ. ಪಾಪ, ಗೆದ್ದೂ ಮನೇಗೆ ಹೋಗ್ತಾರೆ."

ಲಾರ್ ತಿರುಗಲಿಲ್ಲ. ಕಂಬದ ಬಳಿ ನಿಂತವನು ತಿರುಗಬಾರದು. ಅಷ್ಟರಲ್ಲಿ ಡಬ್ಲಿನ್‌ನ ಹುಡುಗನೊಬ್ಬ ಮೈದಾನದ ಅಂಚಿನಿಂದ, ಮೂವರು ಮೇಲೆ ಬಿದ್ದಿರುವಾಗಲೇ, ಕೊನೆಯ ಚೆಂಡನ್ನು ಬೀಸಿ ಹೊಡೆದ. ಚೆಂಡು ಆಕಾಶಕ್ಕೆ ಏರಿತು, ಗಾಳಿಗೆ ಒಂಚೂರು ಬಾಗಿತು, ಲಾರ್‌ನ ಕಂಬದ ತುದಿಗಿಂತ ಒಂದು ಗಜ ಮೇಲೆ ಹಾದು ಬಲೆಯ ಹಿಂದೆ ಬಿತ್ತು.

ವೆಕ್ಸ್‌ಫರ್ಡ್‌ನ ಗೋಲ್‌ಕೀಪರ್ ಎರಡೂ ಕೈ ಚಾಚಿ "ಹೊರಗೆ, ಹೊರಗೆ" ಎಂದ. ಆಚೆ ಕಂಬದ ಮರ್ಟ್ ಗೊತ್ತಿಲ್ಲವೆಂದು ತಲೆಯಾಡಿಸಿದ, ಅವನ ಜಾಗದಿಂದ ಅದು ಕಾಣುವಂತಿರಲಿಲ್ಲ. ಅಂಥ ಚೆಂಡನ್ನು ಅಳೆಯುವ ಯಂತ್ರದ ಕಣ್ಣು ದೊಡ್ಡ ಮೈದಾನಗಳಲ್ಲಿದೆ, ಇಲ್ಲಿ ಇರುವುದು ಲಾರ್‌ನ ಕಣ್ಣು. ಫಿಂಟನ್ ಓಡುತ್ತಾ ಬಂದ.

"ಮಾವ?"

"ಒಳಗೆ."

ಲಾರ್ ಬಗ್ಗಿ ಬಿಳಿ ಬಾವುಟ ಎತ್ತಿ ಬೀಸಿದ. ಸಮ ಸಮ. ಫಿಂಟನ್ ಸೀಟಿ ಊದಿದ, ಆಟ ಮುಗಿಯಿತು. ಬಾವುಟವನ್ನು ಮತ್ತೆ ನೆಲಕ್ಕೆ ಇಡಲು ಬಗ್ಗಿದಾಗಲೇ ಲಾರ್‌ನ ತಲೆಗೆ ಹೊಳೆದದ್ದು, ತಾನೀಗ ಆಫಲಿಯನ್ನು ಉಳಿಸಿದ್ದೇನೆ, ಉಳಿದ ಆಫಲಿ ತನ್ನ ಫೈನಲ್‌ಗೆ ಅಡ್ಡ ಬರಬಹುದು ಎಂದು. ಒಂದು ಬಾವುಟದಲ್ಲಿ ಎರಡು ಕೆಲಸ. ಬಗ್ಗಿದವನು ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ.

ಕುಣಿಯಲಾರದವರಿಗೆ ನೆಲ ಡೊಂಕು. ವೆಕ್ಸ್‌ಫರ್ಡಿನವರು ಎಪ್ಪತ್ತು ನಿಮಿಷದಲ್ಲಿ ತಾವು ಹದಿನೇಳು ಚೆಂಡು ಹೊರಗೆ ಹೊಡೆದದ್ದನ್ನು ಮರೆತು ಈ ಒಂದನ್ನು ಹಿಡಿದುಕೊಂಡರು. ಬಟ್ಟೆ ಬದಲಿಸುವ ಕೋಣೆಗೆ ಹೋಗುವ ದಾರಿಯಲ್ಲಿ "ಆಫಲಿ ಕಳ್ಳ" ಎಂಬ ಮಾತು ಬಿತ್ತು, ಅರ್ಧ ತಿಂದ ಸ್ಯಾಂಡ್‌ವಿಚ್ ಬಿತ್ತು, ಒಬ್ಬ ಅಜ್ಜಿ ಕೊಡೆಯ ತುದಿಯಿಂದ ಲಾರ್‌ನ ಪಕ್ಕೆ ತಿವಿದು, "ನಿನ್ನ ತಾಯಿ ಇದನ್ನ ನೋಡೋಕೆ ಬದುಕಿಲ್ಲ ಅನ್ನೋದೇ ಪುಣ್ಯ" ಎಂದಳು. ಲಾರ್‌ನ ತಾಯಿ ಬದುಕಿದ್ದರು. ತೊಂಬತ್ತೆರಡು ವರ್ಷ, ರೇಡಿಯೋ ಕೇಳುತ್ತಾ ಕೂತಿದ್ದರು. ಆದರೆ ಅದನ್ನು ಹೇಳುವ ಹೊತ್ತು ಅದಲ್ಲ.

ಬರುವಾಗ ದಾರಿಯಲ್ಲಿ ಎಂದಿನ ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಎಂದಿನ ಊಟ ತರಿಸಿದರು: ದನದ ಮಾಂಸ, ಕ್ಯಾರೆಟ್, ಹುರಿದ ಆಲೂಗಡ್ಡೆ, ಅದರ ಪಕ್ಕದಲ್ಲಿ ಹಿಸುಕಿದ ಆಲೂಗಡ್ಡೆ. ಫಿಂಟನ್ ಚಾಕು ಕೆಳಗಿಟ್ಟು ಕೇಳಿದ.

"ಒಂದೇ ಸಲ ಕೇಳ್ತೀನಿ ಮಾವ. ಒಳಗಿತ್ತಾ?"

"ಒಳಗಿತ್ತು. ಅರ್ಧ ಗಜ."

"ಸರಿ, ಮುಗೀತು."

ಫಿಂಟನ್ ಮತ್ತೆ ಚಾಕು ಹಿಡಿದ. ಮರ್ಟ್ ಮಾತ್ರ ಶವಪೆಟ್ಟಿಗೆಗೆ ಅಳತೆ ತೆಗೆಯುವವನ ಹಾಗೆ ಲಾರ್‌ನನ್ನು ಮೇಲಿಂದ ಕೆಳಗೆ ನೋಡಿ, "ಅರ್ಧ ಗಜ ಆ ಕಡೆ ಹೋಗಿದ್ರೆ ನಮ್ಮ ಫೈನಲ್‌ಗೆ ಕುತ್ತೇ ಇರ್ತಿರ್ಲಿಲ್ಲ" ಎಂದ.

"ಹೋಗ್ಲಿಲ್ಲ" ಎಂದ ಲಾರ್.

"ಹೋಗ್ಲಿಲ್ಲ ಅಂತ ನನಗೂ ಗೊತ್ತು. ಸುಮ್ಮನೆ ಅಂದೆ."

ಗ್ರೋಗನ್‌ಗಳಲ್ಲಿ ಹಿರಿಯ ಗ್ರೇವಿ ಕೇಳಿದ.

ವೆಕ್ಸ್‌ಫರ್ಡಿನ ಬೈಗುಳವನ್ನು ಲಾರ್ ಕೊಡವಿಕೊಂಡ. ಬೈಗುಳ ಬಿಳಿ ಕೋಟಿನ ಸಂಬಳ, ಬೇರೆ ಸಂಬಳ ಅದಕ್ಕಿಲ್ಲ. ಅವನಿಗೆ ನಿಜವಾಗಿ ನಾಟಿದ್ದು ಸ್ವಂತ ಊರಿನ ಹೊಗಳಿಕೆ. ಮರುದಿನ ಸಂಜೆ ಟಾಸಿ ಡೂಲಿಯ ಪಬ್ಬಿನ ಬಾಗಿಲು ದೂಡಿದಾಗ ಒಳಗಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟಾಸಿ ಕೌಂಟರಿನ ಮೇಲೆ ಕಪ್ಪು ಬಿಯರ್ ಇಟ್ಟು, ಒಂದು ಕಣ್ಣು ಮುಚ್ಚಿ ತೆರೆದ.

"ದುಡ್ಡು ಬೇಡ. ನಮ್ಮ ಕೌಂಟಿ ಉಳಿಸಿದೋನು ನೀನು."

"ಉಳಿಸೋದೇನು ಬಂತು. ಚೆಂಡು ಒಳಗಿತ್ತು."

"ಒಳಗೇ ಇತ್ತು ಬಿಡು" ಎಂದ ಟಾಸಿ, ಮತ್ತೆ ಕಣ್ಣು ಹೊಡೆದ.

"ನಿಜವಾಗ್ಲೂ ಕಣೋ ಟಾಸಿ, ಅರ್ಧ ಗಜ ಒಳಗೆ."

"ನಾವೇನು ಇಲ್ಲ ಅಂದ್ವಾ? ಅರ್ಧ ಯಾಕೆ, ಒಂದು ಗಜ ಅನ್ನು. ಯಾರು ಕೇಳೋಕೆ ಬರ್ತಾರೆ?"

ಹಿಂದೆ ಕೂತವರು ಗೊಳ್ಳೆಂದು ನಕ್ಕರು. ಇಪ್ಪತ್ತೆರಡು ವರ್ಷ ಕಂಬದ ಪಕ್ಕ ನಿಂತು ಒಂದು ಸುಳ್ಳು ಬಾವುಟ ಎತ್ತಿದವನಲ್ಲ ಲಾರ್. ಈಗ ಊರೆಲ್ಲ ಅವನನ್ನು ಮೋಸಗಾರ ಎಂದು ನಂಬಿತ್ತು, ಅದಕ್ಕಾಗಿಯೇ ಮೆರೆಸುತ್ತಿತ್ತು. ಅವನು ಅಲ್ಲವೆಂದಷ್ಟೂ ಅವರಿಗೆ ಹೌದು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬಿಯರ್ ಅರ್ಧಕ್ಕೆ ಬಿಟ್ಟು ಮನೆಗೆ ಬಂದ.

ಹೆಂಡತಿ ಬ್ರೀಡಾ ಅವನ ಕೋಟು ಇಸ್ತ್ರಿ ಮಾಡುತ್ತಿದ್ದಳು. ಎಲ್ಲ ಕೇಳಿ ಅವಳಂದಳು:

"ಮೂವತ್ತೈದು ವರ್ಷ ಒಬ್ಬರ ಕಾಗದ ಇನ್ನೊಬ್ಬರ ಮನೇಗೆ ಹಾಕಿದೋನಲ್ಲ ನೀನು. ಆಗ ಯಾರೂ ಒಂದು ಲೋಟ ಟೀ ಕೊಡಿಸ್ಲಿಲ್ಲ. ಈಗ ಕಳ್ಳ ಅಂದ್ಕೊಂಡು ಬಿಯರ್ ಕೊಡಿಸ್ತಿದ್ದಾರೆ. ಕುಡಿದು ಬಾ ಮಾರಾಯ, ಇದಕ್ಕಿಂತ ಜಾಸ್ತಿ ನಿನಗೇನೂ ಸಿಗಲ್ಲ."

"ನನಗೆ ಬೇಜಾರಾಗ್ತಿದೆ ಬ್ರೀಡಾ."

"ಆಗ್ಲಿ. ಬೇಜಾರಿಗೆ ಬೇಕನ್ ಇದೆ, ಎಲೆಕೋಸಿದೆ. ಕೂತ್ಕೋ."

ಜೂನ್ ತಿಂಗಳಲ್ಲಿ ಆಫಲಿ ಕ್ಲೇರ್ ತಂಡವನ್ನು ಕ್ವಾರ್ಟರ್‌ಫೈನಲ್‌ನಲ್ಲಿ ಸೋಲಿಸಿತು. ಡೆರಿಮೋರ್‌ನಲ್ಲಿ ಕುರಿಗಳಿಗೂ ಹಸಿರು, ಬಿಳಿ, ಚಿನ್ನದ ಬಣ್ಣ ಬಳಿದರು. ಆ ವಾರವೇ ಕಮಿಟಿಯ ಹಿರಿಯರೊಬ್ಬರು ಫಿಂಟನ್‌ಗೆ ಫೋನ್ ಮಾಡಿ ಗುಟ್ಟಾಗಿ ಹೇಳಿದರು: ವೆಕ್ಸ್‌ಫರ್ಡಿನ ಗಲಾಟೆಯನ್ನು ನಾವು ತಲೆಗೆ ಹಚ್ಚಿಕೊಂಡಿಲ್ಲ, ಸೆಮಿಫೈನಲ್‌ನಲ್ಲಿ ಆಫಲಿ ಲಿಮರಿಕ್ ಎದುರು ಸೋತರೆ ಫೈನಲ್ ನಿನ್ನದು.

ಸೋತರೆ. ಈ ಒಂದು ಮಾತು ಲಾರ್‌ನ ಗಂಟಲಿಗೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಬೆಳಿಗ್ಗೆ ಎದ್ದರೆ ಸೋಲಲಿ ಎನ್ನುತ್ತಿದ್ದ. ಅಂಗಡಿಗೆ ಹೋದರೆ, ಎಪ್ಪತ್ತು ದಾಟಿದ ಮುದುಕಿಯರು ಆಫಲಿಯ ಟೋಪಿ ಹಾಕಿಕೊಂಡು ಬ್ರೆಡ್ ಕೊಳ್ಳುವುದನ್ನು ನೋಡಿ ನಾಚಿಕೆಯಾಗುತ್ತಿತ್ತು. ಕೊನೆಗೆ ಶನಿವಾರ ಚರ್ಚಿಗೆ ಹೋಗಿ ತಪ್ಪೊಪ್ಪಿಗೆಯ ಗೂಡಿನಲ್ಲಿ ಮಂಡಿಯೂರಿದ. ಜಾಲರಿಯ ಆಚೆ ಫಾದರ್ ಕಾಮರ್‌ಫರ್ಡ್ ಇದ್ದರು. ಅವರು ಹುಟ್ಟಿ ಬೆಳೆದದ್ದು ಕಿಲ್ಕೆನಿಯಲ್ಲಿ.

"ಫಾದರ್, ನಾನು ಪ್ರತಿ ರಾತ್ರಿ ಒಂದು ಕೆಟ್ಟ ಪ್ರಾರ್ಥನೆ ಮಾಡ್ತಿದ್ದೀನಿ."

"ಯಾರಿಗೆ ಕೆಟ್ಟದಾಗ್ಲಿ ಅಂತ?"

"ಆಫಲಿ ಸೋಲ್ಲಿ ಅಂತ."

ಜಾಲರಿಯ ಆಚೆ ಫಾದರ್ ಗಂಟಲು ಸರಿಮಾಡಿಕೊಂಡರು.

"ಇದು ಪಾಪ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ ಲಾರ್. ಒಂದೇ ತಪ್ಪು ಮಾಡಿದೀಯ. ಈ ಪ್ರಾರ್ಥನೇನ ಮೇ ತಿಂಗಳಲ್ಲಿ ಮಾಡ್ಬೇಕಿತ್ತು."

"ಫಾದರ್, ನಾನು ತಮಾಷೆ ಮಾಡ್ತಿಲ್ಲ."

"ನಾನೂ ಮಾಡ್ತಿಲ್ಲ ಕಣಪ್ಪ. ಟಲಮೋರ್‌ನಲ್ಲಿ ನಾನಿದ್ದೆ." ಅವರು ನಿಟ್ಟುಸಿರು ಬಿಟ್ಟರು. "ಕೇಳು. ಆ ವೆಕ್ಸ್‌ಫರ್ಡಿನ ಚೆಂಡು, ಅದನ್ನ ಹೊರಗೆ ಅಂದಿದ್ರೆ ನಿನಗೆ ಲಾಭ ಇತ್ತು, ಅಲ್ವಾ?"

"ಇತ್ತು ಫಾದರ್."

"ಅನ್ನಲಿಲ್ಲ."

"ಹೊರಗೆ ಹೋಗಿರ್ಲಿಲ್ಲ."

"ಹಾಗಾದ್ರೆ ದೇವರಿಗೆ ಅಷ್ಟು ಸಾಕು. ಬಾಯಲ್ಲಿ ಏನಾದ್ರೂ ಬೇಡ್ಕೋ, ಅವನು ಕೈ ನೋಡ್ತಾನೆ. ಮೂರು ಜಪ ಹೇಳಿ ಮನೇಗೆ ಹೋಗು. ಮತ್ತೆ ಲಾರ್, ಲಿಮರಿಕ್ ಗೆಲ್ಲೋ ಹಾಗಿದೆಯಾ?"

"ಗೊತ್ತಿಲ್ಲ ಫಾದರ್."

"ಗೆದ್ರೆ ಒಳ್ಳೇದಿತ್ತು" ಎಂದರು ಫಾದರ್, ಜಾಲರಿಯ ಬಾಗಿಲು ಮುಚ್ಚುತ್ತಾ.

ಸೆಮಿಫೈನಲ್‌ಗೆ ಲಾರ್ ಡಬ್ಲಿನ್‌ಗೆ ಹೋಗಲಿಲ್ಲ. ಟಾಸಿಯ ಬಸ್ಸಿನಲ್ಲಿ ಜಾಗವಿತ್ತು, ಕಾಲು ನೋವೆಂದು ಸುಳ್ಳು ಹೇಳಿದ. ಆ ಸುಳ್ಳನ್ನು ಊರು ತಕ್ಷಣ ನಂಬಿತು. ಮನೆಯಲ್ಲಿ ಟೀವಿಯ ಮುಂದೆ ಕೈಕಟ್ಟಿ ಕೂತ. ಬ್ರೀಡಾ ಆಪಲ್ ಟಾರ್ಟ್ ಕತ್ತರಿಸಿ ಕೊಟ್ಟಳು, ಮುಟ್ಟಲಿಲ್ಲ. ಮಧ್ಯಂತರಕ್ಕೆ ಲಿಮರಿಕ್ ಆರು ಅಂಕ ಮುಂದಿತ್ತು. ಲಾರ್ ಟಾರ್ಟಿನ ಒಂದು ತುಂಡು ತಿಂದ. ಅರವತ್ತನೆಯ ನಿಮಿಷಕ್ಕೆ ಮೂರು ಅಂಕ. ಟಾರ್ಟ್ ಕೆಳಗಿಟ್ಟ. ಅರವತ್ತೊಂಬತ್ತಕ್ಕೆ ಎರಡು. ಆಗ ಆಫಲಿಯ ಹತ್ತೊಂಬತ್ತು ವರ್ಷದ ಹುಡುಗ, ಕೊನಾಲ್ ಸ್ಪೋಲನ್, ಹೋದ ವರ್ಷದವರೆಗೂ ಲಾರ್ ಅವನ ಅಜ್ಜಿಗೆ ಪಿಂಚಣಿಯ ಕಾಗದ ಕೊಡುತ್ತಿದ್ದ ಮನೆಯ ಹುಡುಗ, ನಾಲ್ಕು ಜನರ ನಡುವಿನಿಂದ ಚೆಂಡನ್ನು ಕೋಲಿನ ತುದಿಯಲ್ಲಿ ಹೊತ್ತು ಓಡಿ ಬಲೆಯೊಳಕ್ಕೆ ಬಾರಿಸಿದ.

ಹಸಿರು ಬಾವುಟ. ಆಫಲಿ ಒಂದು ಅಂಕ ಮುಂದೆ. ಸೀಟಿ.

ಲಾರ್‌ಗೆ ಮುಂದಿನದು ಸರಿಯಾಗಿ ನೆನಪಿಲ್ಲ. ಬ್ರೀಡಾ ಹೇಳುವ ಪ್ರಕಾರ ಅವನು ಕುರ್ಚಿಯ ಮೇಲೆ ನಿಂತಿದ್ದ, ಅಪ್ಪನ ಕಾಲದ ದೀಪದ ಬುರುಡೆ ಅವನ ತಲೆ ತಾಗಿ ಒಡೆದಿತ್ತು, ಟೀ ನಾಯಿಯ ಮೇಲೆ ಚೆಲ್ಲಿತ್ತು.

"ಇಳಿ ಕೆಳಗೆ" ಎಂದಳು ಬ್ರೀಡಾ. "ಯಾರ ಕಡೆಯೋ ನೀನು?"

ಲಾರ್ ಕೆಳಗೆ ಇಳಿದ. ಅಳು ಬಂದಿತ್ತು, ನಗುವೂ ಬಂದಿತ್ತು, ಯಾವುದು ಯಾತಕ್ಕೆ ಎಂದು ಅವನಿಗೂ ತಿಳಿಯಲಿಲ್ಲ. ಫೈನಲ್ ಹೋಯಿತು. ಇಪ್ಪತ್ತೆರಡು ವರ್ಷ ಕಾದದ್ದು ಹೋಯಿತು. ಆಫಲಿ ಫೈನಲ್ಲಿಗೆ ಹೋಯಿತು. ಅರ್ಧ ಗಂಟೆಯ ಮೇಲೆ ಫೋನ್ ರಿಂಗಾಯಿತು, ಫಿಂಟನ್.

"ಮಾವ."

"ಫಿಂಟನ್, ನನ್ನಿಂದ ನಿನಗೆ…"

"ಬೇಡ. ಅವತ್ತು ನೀನು ಬೇರೆ ಏನಾದ್ರೂ ಹೇಳಿದ್ರೆ, ನಾನು ಇಷ್ಟು ವರ್ಷ ನಿನ್ನನ್ನ ಕಾರಲ್ಲಿ ಕೂರಿಸ್ಕೊಂಡಿದ್ದೇ ದಂಡ." ಅವನ ದನಿ ಸ್ವಲ್ಪ ಒಡೆದಿತ್ತು, ಸರಿಮಾಡಿಕೊಂಡ. "ನನಗೂ ಹೊಟ್ಟೆ ಉರೀತಿದೆ, ಸುಳ್ಳು ಹೇಳಲ್ಲ. ಅದು ಇರ್ಲಿ. ಟಿಕೆಟ್ ಹುಡುಕೋಣ್ವಾ? ಆಫಲಿ ಫೈನಲ್ ಮಾವ."

ಟಿಕೆಟ್ ಹುಡುಕುವುದು ಅಂದರೆ ಏನೆಂದು ಐರ್ಲೆಂಡಿನಲ್ಲಿ ಬದುಕಿದವರಿಗೆ ಗೊತ್ತು. ಹತ್ತು ವರ್ಷ ಮಾತು ಬಿಟ್ಟ ದಾಯಾದಿಗಳು ಮಾತಾಡುತ್ತಾರೆ, ಸತ್ತವರ ಹೆಸರಿನಲ್ಲಿ ಅರ್ಜಿ ಹೋಗುತ್ತದೆ. ಮರ್ಟ್ ತನ್ನ ಕಸುಬಿನ ಸಂಬಂಧಗಳನ್ನೆಲ್ಲ ಬಳಸಿದ. ಮರ್ಟ್ ಕೇಳಿದಾಗ ಇಲ್ಲವೆನ್ನಲು ಯಾರಿಗೂ ಧೈರ್ಯ ಬರುವುದಿಲ್ಲ, ಮುಂದೆ ಒಂದು ದಿನ ಅವನ ಕೈಗೇ ಹೋಗಬೇಕಲ್ಲ. ಕೊನೆಗೆ ಊರಿಗೆಲ್ಲ ಸೇರಿ ಒಂದೇ ಸಾಲಿನಲ್ಲಿ ಹದಿನಾಲ್ಕು ಟಿಕೆಟ್ ಸಿಕ್ಕವು, ಸರಿಯಾಗಿ ಗೋಲಿನ ಹಿಂದೆ.

ಜುಲೈ ಭಾನುವಾರ ಕ್ರೋಕ್ ಪಾರ್ಕ್ ತುಂಬಿ ತುಳುಕುತ್ತಿತ್ತು. ಎದುರಾಳಿ ಕಾರ್ಕ್, ಅವರ ಕೆಂಪು ಅರ್ಧ ಮೈದಾನವನ್ನು ನುಂಗಿತ್ತು. ಲಾರ್‌ನ ಎಡಗಡೆ ಬ್ರೀಡಾ, ಬಲಗಡೆ ಟಾಸಿ, ಅವನ ಆಚೆ ಫಿಂಟನ್ ಮತ್ತು ಮರ್ಟ್, ಸಾಲಿನ ಕೊನೆಗೆ ಗ್ರೋಗನ್‌ಗಳು. ಕೆಳಗೆ ಕಂಬದ ಪಕ್ಕ ಯಾರದೋ ಮಾವ ಬಿಳಿ ಕೋಟು ಹಾಕಿ ನಿಂತಿದ್ದ. ಲಾರ್ ಅವನನ್ನೇ ನೋಡಿದ. ಒಳ್ಳೆಯ ಮನುಷ್ಯನ ಹಾಗೆ ಕಂಡ. ಕಾಲುಗಳನ್ನು ಸ್ವಲ್ಪ ಅಗಲಕ್ಕೆ ಇಟ್ಟು ನಿಂತಿದ್ದರೆ ಇನ್ನೂ ಚೆನ್ನಾಗಿತ್ತು. ಬ್ರೀಡಾ ಸುಮ್ಮನೆ ಅವನ ತೋಳು ಹಿಡಿದುಕೊಂಡಳು.

"ಕೂಗು ಲಾರ್" ಎಂದ ಟಾಸಿ. "ಇವತ್ತು ಕೋಟಿಲ್ಲ, ಬಾಯಿಗೆ ಬೀಗ ಯಾಕೆ?"

ಲಾರ್ ಬಾಯಿ ತೆರೆದ, ಏನೂ ಬರಲಿಲ್ಲ. ಇಪ್ಪತ್ತೆರಡು ವರ್ಷ ಸುಮ್ಮನಿದ್ದ ಗಂಟಲಿಗೆ ಕೂಗುವುದು ಮರೆತುಹೋಗಿತ್ತು.

ಆಟ ಹೇಗೆ ನಡೆಯಿತೆಂದು ಹೇಳಿದರೆ ಇನ್ನೊಂದು ಕತೆಯಾಗುತ್ತದೆ. ಎರಡು ನಿಮಿಷ ಬಾಕಿಯಿರುವಾಗ ಎರಡೂ ತಂಡ ಸಮ, ಇಷ್ಟು ಸಾಕು. ಆಗ ಆಫಲಿಯ ನಾಯಕ ದೂರದಿಂದ ಹೊಡೆದ ಚೆಂಡು ಇವರು ಕೂತಿದ್ದ ಕಡೆಗೇ ಬಂತು. ಎತ್ತರಕ್ಕೆ ಏರಿ, ಬಲಗಂಬದ ತುದಿಯ ಮೇಲೆ ಹಾದು, ಬಲೆಯ ಹಿಂದೆ ಇಳಿಯಿತು. ಆಫಲಿಯ ಜನವೆಲ್ಲ ಒಮ್ಮೆಗೇ ಮೇಲೆದ್ದರು. ಟಾಸಿ ಲಾರ್‌ನ ಕುತ್ತಿಗೆ ತಬ್ಬಿ ಕುಣಿದ.

"ಒಳಗೆ, ಒಳಗೆ, ಗೆದ್ವಿ ಕಣೋ."

"ಹೊರಗೆ" ಎಂದ ಲಾರ್.

ದೊಡ್ಡದಾಗೇನೂ ಹೇಳಲಿಲ್ಲ. ಆದರೆ ಸಾಲಿನವರಿಗೆಲ್ಲ ಕೇಳಿಸಿತು. ಟಾಸಿ ಕೈಬಿಟ್ಟು ಅವನನ್ನು ದುರುಗುಟ್ಟಿ ನೋಡಿದ.

"ಏನಂದೆ?"

"ಹೊರಗೆ. ನಾಲ್ಕು ಬೆರಳು."

"ನಾಲಿಗೆ ಕಚ್ಕೋ. ನೀನು ಯಾವ ಊರೋನು?"

ಹಿಂದಿನ ಸಾಲಿನಿಂದ ಯಾರೋ ಬೈದರು. ಕೆಳಗೆ ಬಿಳಿ ಕೋಟಿನ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಬಾವುಟ ಏಳಲಿಲ್ಲ. ರೆಫರಿ ಗಾಳಿಯಲ್ಲಿ ಚೌಕ ಬರೆದು ಯಂತ್ರವನ್ನು ಕೇಳಿದ. ಮೈದಾನವೆಲ್ಲ ದೊಡ್ಡ ತೆರೆಯ ಕಡೆ ತಿರುಗಿತು. ಅಲ್ಲಿ ಗೀಟಿನಲ್ಲಿ ಬರೆದ ಎರಡು ಕಂಬ, ಅವುಗಳ ಕಡೆಗೆ ತೇಲಿ ಬರುವ ಚೆಂಡು. ಎಂಬತ್ತೆರಡು ಸಾವಿರ ಜನ ಉಸಿರು ಬಿಗಿಹಿಡಿದರು. ಚೆಂಡು ಕಂಬದ ಆಚೆ, ನಾಲ್ಕು ಬೆರಳಿನಷ್ಟು ಆಚೆ ನಿಂತಿತು. ಅದರ ಕೆಳಗೆ ಐರಿಷ್ ಭಾಷೆಯಲ್ಲಿ ಒಂದೇ ಪದ ಮೂಡಿತು: ಇಲ್ಲ.

ಕಾರ್ಕಿನವರು ಕುಣಿದರು. ಡೆರಿಮೋರ್‌ನ ಸಾಲು ಕುಸಿದು ಕೂತಿತು. ಟಾಸಿ ಮಾತ್ರ ತೆರೆಯನ್ನು ನೋಡುತ್ತಿರಲಿಲ್ಲ, ಲಾರ್‌ನನ್ನು ನೋಡುತ್ತಿದ್ದ, ತಲೆಯ ಮೇಲೆ ಕೈಯಿಟ್ಟುಕೊಂಡು.

"ಲಾರ್."

"ಏನು?"

"ವೆಕ್ಸ್‌ಫರ್ಡಿನ ಆ ಚೆಂಡು."

"ಹ್ಞೂ."

"ಅದು ನಿಜವಾಗ್ಲೂ ಒಳಗಿತ್ತು."

"ಎರಡು ತಿಂಗಳಿಂದ ಅದನ್ನೇ ಬಡ್ಕೋತಿದ್ದೀನಿ."

"ಅಯ್ಯೋ ನನ್ನ ಕರ್ಮವೇ" ಎಂದ ಟಾಸಿ. "ಹಾಗಾದ್ರೆ ನೀನು ನಿನ್ನ ಫೈನಲ್‌ನ ನಿನ್ನ ಕೈಯಾರೆ…" ಅವನು ಆಚೆ ತಿರುಗಿ ಫಿಂಟನ್‌ನನ್ನು ನೋಡಿದ. ಫಿಂಟನ್ ತಲೆದೂಗಿದ, ಅಷ್ಟೆ. ಮಾತು ಸಾಲಿನುದ್ದಕ್ಕೂ ಕಿವಿಯಿಂದ ಕಿವಿಗೆ ಹೋಯಿತು. ಬೈದಿದ್ದವನು ಹಿಂದಿನಿಂದ ಲಾರ್‌ನ ಭುಜದ ಮೇಲೆ ಕೈಯಿಟ್ಟು ತೆಗೆದ.

ಯೋಚಿಸಲು ಆಟ ಪುರುಸೊತ್ತು ಕೊಡಲಿಲ್ಲ. ಕಾರ್ಕಿನ ಗೋಲ್‌ಕೀಪರ್ ಚೆಂಡನ್ನು ಮೈದಾನದ ನಡುವಿಗೆ ಹೊಡೆದ. ಅಲ್ಲಿ ಕೋಲುಗಳ ಕಾಡು, ಆ ಕಾಡಿನೊಳಗಿಂದ ಚೆಂಡು ಚಿಮ್ಮಿ ಕೊನಾಲ್ ಸ್ಪೋಲನ್‌ನ ಕೈ ಸೇರಿತು. ಹುಡುಗ ಒಮ್ಮೆ ತಿರುಗಿದ, ಇಬ್ಬರು ಜಾರಿ ಬಿದ್ದರು. ತಾನೂ ಬೀಳುತ್ತಲೇ ಆಟದ ಕೊನೆಯ ಏಟು ಹೊಡೆದ. ಚೆಂಡು ಮತ್ತೆ ಏರಿತು, ಮತ್ತೆ ಅದೇ ಕಂಬದ ಕಡೆಗೆ, ಮತ್ತೆ ತುದಿಗಿಂತ ಮೇಲೆ.

ಈ ಸಲ ಡೆರಿಮೋರ್‌ನ ಸಾಲಿನಲ್ಲಿ ಒಬ್ಬರೂ ಕೂಗಲಿಲ್ಲ. ಕೆಳಗಿನ ಬಿಳಿ ಕೋಟುಗಳನ್ನು ನೋಡಲಿಲ್ಲ, ದೊಡ್ಡ ತೆರೆಯನ್ನು ನೋಡಲಿಲ್ಲ. ಟಾಸಿ, ಮರ್ಟ್, ಫಿಂಟನ್, ಹಿಂದಿನಿಂದ ಬೈದಿದ್ದವನು, ಗ್ರೋಗನ್ ಅಣ್ಣತಮ್ಮಂದಿರು, ಎಲ್ಲರೂ ಉಸಿರು ಹಿಡಿದು ಲಾರ್ ಗೈನನ್‌ನ ಕಡೆಗೆ ತಿರುಗಿದರು.

ಲಾರ್ ಚೆಂಡು ಕೆಳಗೆ ಬೀಳುವವರೆಗೂ ನೋಡಿದ. ಅವಸರ ಮಾಡುವವನಲ್ಲ ಅವನು.

"ಒಳಗೆ" ಎಂದ.

ಅಷ್ಟು ಸಾಕಾಯಿತು. ಹದಿನಾಲ್ಕು ಜನ ಒಬ್ಬರ ಮೇಲೊಬ್ಬರು ಬಿದ್ದು ಕಿರುಚಿದರು. ಕೆಳಗೆ ಬಿಳಿ ಬಾವುಟ ಏಳುವ ಹೊತ್ತಿಗೆ ಟಾಸಿ ಆಗಲೇ ಅಳುತ್ತಿದ್ದ, ಕಿರಿಯ ಗ್ರೋಗನ್ ತನ್ನ ಜೀವಮಾನದ ಮಾತನ್ನೆಲ್ಲ ಒಟ್ಟಿಗೆ ಆಡುತ್ತಿದ್ದ, ಮತ್ತು ಲಾರ್‌ನ ಗಂಟಲು, ತನಗೇ ಗೊತ್ತಿಲ್ಲದೆ, ಬಿಚ್ಚಿಕೊಂಡಿತ್ತು.